ಅಳತೆಯ ಕುಪ್ಪಸ ಮತ್ತು ಸಿಂಗಾಪುರದ ನೀರು

ಮಸ್ಕಿ

ಸಿಂಗಾಪುರಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ ಎಷ್ಟು ಸ್ವಚ್ಛ ಎಂಬಲ್ಲಿಂದ ಮಾತು ಶುರು ಮಾಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ರಸ್ತೆ ನೋಡಿಕೊಂಡು ಬರಲೆಂದು ನಮ್ಮನ್ನು ಯಾರೂ ಕಳಿಸಿರಲಿಲ್ಲ. ಅಕ್ಕ ನೀಲಮ್ಮ ತೆಳ್ಳಗಾಗಿ ಬರಲಿ ಎಂದು ಅವಳನ್ನು ಕಳಿಸಿದ್ದರು. ಅವಳ ಜೊತೆ ನನ್ನನ್ನು ಕಳಿಸಿದ್ದು ಇಂಗ್ಲಿಷ್ ಮಾತಾಡುವುದಕ್ಕೆ.

ತೊಂಬತ್ತರ ದಶಕದ ಮಾತು. ಅಪ್ಪ ಮಸ್ಕಿಯ ಹೈಸ್ಕೂಲಿನಲ್ಲಿ ಗುಮಾಸ್ತ. ನಾನು ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಕಪ್ ಗೆದ್ದು ತಂದು ಮನೆಯವರ ತಲೆ ತಿನ್ನುತ್ತಿದ್ದೆ. ನೀಲಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಟಿ.ಸಿ.ಎಚ್. ಮುಗಿಸಿದ್ದಳು, ದುಂಡಗಿದ್ದಳು. ಎರಡು ಸಂಬಂಧ ಬಂದು, ಚಹಾ ಕುಡಿದು, 'ಹುಡುಗಿ ಜರಾ ದಪ್ಪ' ಎಂದು ಹೋಗಿದ್ದವು.

ಮೂರನೆಯದು ಲಿಂಗಸುಗೂರಿನದು. ಹುಡುಗ ತಹಸೀಲ್ ಕಚೇರಿಯಲ್ಲಿ ಕಾರಕೂನ, ಹೆಸರು ವೀರೇಶ. ಅವನ ತಾಯಿ ಶರಣಮ್ಮ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ಪಸಂದ್ ಐತ್ರಿ. ಮಾರಿ ಲಕ್ಷಣ ಐತಿ. ಲಗ್ನದ ಹೊತ್ತಿಗೆ ಜರಾ ಮೈ ಇಳಿದ್ರ ಇನ್ನೂ ಚಂದ," ಎಂದಳು.

"ಹುಡುಗನ ಹೊಟ್ಟಿನೂ ಇಳಸ್ತೀರೇನ್ರಿ?" ಎಂದೆ ನಾನು. ಅವ್ವ ನನ್ನ ತೊಡೆ ಚಿವುಟಿದಳು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅಂಗಿಯ ಗುಂಡಿಗಳ ನಡುವೆ ಅವನ ಬನಿಯನ್ ಇಣುಕುತ್ತಿತ್ತು, ಆ ಹೊಟ್ಟೆಯನ್ನು ಅಳೆಯುತ್ತೇವೆ ಎಂದವರು ಯಾರೂ ಇರಲಿಲ್ಲ. ಆದರೆ ಅದೇ ಹುಡುಗ ಅಕ್ಕನಿಗೆ, "ನೌಕರಿ ಮಾಡೋ ಮನಸೈತೇನ್ರಿ ನಿಮಗ?" ಎಂದು ಕೇಳಿದ್ದ. ಬಂದ ಮೂರರಲ್ಲಿ ಅವಳಿಗೆ ಪ್ರಶ್ನೆ ಅಂತ ಕೇಳಿದವನು ಅವನೊಬ್ಬನೇ. ಆ ರಾತ್ರಿ ಅಕ್ಕ ಪಾತ್ರೆ ತಿಕ್ಕುತ್ತ ತನ್ನಷ್ಟಕ್ಕೇ ನಕ್ಕದ್ದನ್ನು ನಾನು ನೋಡಿದ್ದೇನೆ. ಈ ಸಂಬಂಧ ಅವಳಿಗೆ ಬೇಕಾಗಿತ್ತು.

ಇನ್ನು ಕುಪ್ಪಸದ ವಿಷಯ. ನಮ್ಮ ಕಡೆ ನಿಶ್ಚಯದ ದಿನ ಗಂಡಿನವರು ತಂದ ಸೀರೆ-ಕುಪ್ಪಸವನ್ನು ಹುಡುಗಿ ಒಳಗೆ ಹೋಗಿ ಉಟ್ಟು, ಎಲ್ಲರ ಮುಂದೆ ಬಂದು ಕೂಡಬೇಕು. ಆಮೇಲೆ ಉಡಿ ತುಂಬುತ್ತಾರೆ. ಅದಕ್ಕೆಂದು ಹುಡುಗಿಯ ಹಳೆಯ ಕುಪ್ಪಸವೊಂದನ್ನು ಅಳತೆಗೆ ಮೊದಲೇ ಒಯ್ಯುತ್ತಾರೆ. ಶರಣಮ್ಮನ ಮನೆಯ ಬಟ್ಟೆಯೆಲ್ಲ ಸಿಂಧನೂರಿನ ಒಬ್ಬ ದರ್ಜಿಯ ಹತ್ತಿರ ಹೊಲಿಸುವ ರೂಢಿ. ಅವ್ವ ಕುಪ್ಪಸವನ್ನು ಟವೆಲಿನಲ್ಲಿ ಸುತ್ತಿ ಕೊಟ್ಟಳು. ನಾಲ್ಕು ದಿನದ ನಂತರ ನನ್ನ ಟ್ರಂಕಿನಲ್ಲಿ ನನ್ನ ನೀಲಿ ಕುಪ್ಪಸ ಇರಲಿಲ್ಲ.

"ನನ್ನ ನೀಲಿ ಕುಬಸ ಎಲ್ಲೈತಿಬೇ?"

"ಸಿಂಧನೂರಾಗ."

"ಅಲ್ಲ್ಯಾಕ ಹೋತು?"

"ಅಳತಿಗೆ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನಾನು ಕಡ್ಡಿ, ಅಕ್ಕ ನನ್ನ ಎರಡರಷ್ಟು. "ಸುಳ್ಳು ಅಳತಿ ಕೊಟ್ಟಿಯೇನಬೇ ನೀ?"

"ಅದರಾಗೇನ್ ಸುಳ್ಳು ಬಂತು? ಹೆಂಗೂ ಇಳೀತಾಳಲ್ಲ. ಇಳಿದ ಮ್ಯಾಲಿನ ಅಳತಿ ಈಗ ಕೊಟ್ಟೀನಿ," ಎಂದಳು ಅವ್ವ.

ಇಂಥ ತರ್ಕವನ್ನು ನಾನು ಯಾವ ವೇದಿಕೆಯಲ್ಲೂ ಎದುರಿಸಿರಲಿಲ್ಲ. ಅವ್ವನ ತಮ್ಮ ಸಿಂಗಾಪುರದಲ್ಲಿ ಹಡಗು ರಿಪೇರಿ ಮಾಡುವ ಕಡೆ ಎಂಜಿನಿಯರ್. ಅವನ ಹೆಂಡತಿ ಸರೋಜತ್ತಿಗೆ ಸುದ್ದಿ ಮುಟ್ಟಿ, 'ಇಲ್ಲಿ ಮೈ ಇಳಿಸುವ ಪಾರ್ಲರುಗಳಿವೆ, ಒಂದು ತಿಂಗಳು ಕಳಿಸಿರಿ' ಎಂಬ ಪತ್ರವೂ, ಹಿಂದೆಯೇ ಟಿಕೆಟ್ಟೂ ಬಂದವು. ಹಿಂದಿರುಗಿದ ಐದನೆಯ ದಿನಕ್ಕೆ ನಿಶ್ಚಯ.

ಎರಡು ವಿಮಾನ ನಿಲ್ದಾಣಗಳು

ಮದರಾಸಿನಲ್ಲಿ ಚೀಲಗಳನ್ನು ತೂಕದ ಪಟ್ಟಿಯ ಮೇಲೆ ಇಡಲು ಹೇಳಿದರು. ಅಕ್ಕ ಥಟ್ಟನೆ ನನ್ನ ಹಿಂದೆ ಸರಿದಳು. "ಮಂದೀನ್ನೂ ತೂಗ್ತಾರೇನಲೇ?" ಎಂದು ಕಿವಿಯಲ್ಲಿ ಕೇಳಿದಳು. ನನಗೆ ನಗು ಬಂತು, ಆಮೇಲೆ ಬರಲಿಲ್ಲ. ರಾಯಚೂರು ಸ್ಟೇಷನ್ನಿನಲ್ಲಿ ಬಣ್ಣದ ದೀಪ ತಿರುಗುವ ತೂಕದ ಯಂತ್ರವಿದೆ. ಒಂದೇ ಚೀಟಿಯಲ್ಲಿ ತೂಕವನ್ನೂ ಭವಿಷ್ಯವನ್ನೂ ಅಚ್ಚು ಹಾಕಿ ಕೊಡುತ್ತದೆ. ಅಕ್ಕ ಅದರ ಎದುರಿನಿಂದ ಯಾವಾಗಲೂ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು.

ಸಿಂಗಾಪುರದಲ್ಲಿ ಇಳಿದರೆ ಕಸ್ಟಮ್ಸಿನವನು ನಮ್ಮ ಚೀಲ ಬಿಚ್ಚಿಸಿದ. ಅವ್ವ ಗುರೆಳ್ಳು ಹಿಂಡಿ ಒಂದು ಡಬ್ಬಿ, ಹುರುಳಿ ಹಿಟ್ಟು ಒಂದು ಡಬ್ಬಿ ಕಟ್ಟಿದ್ದಳು. ಒಂದು ಕಪ್ಪು ಪುಡಿ, ಒಂದು ಕಂದು ಪುಡಿ. ಅವನು ಎರಡನ್ನೂ ಮೂಸಿ ಮೂಸಿ ನನ್ನ ಮುಖ ನೋಡಿದ. ಯಾರನ್ನೂ ನಂಬದ ಮನುಷ್ಯ ಎಂದು ನನಗೆ ಅವನ ಮೇಲೆ ಗೌರವ ಹುಟ್ಟಿತು.

"ಇದು ಯಾತಕ್ಕೆ?"

"ಕಪ್ಪಗಿರುವುದು ಊಟಕ್ಕೆ. ಕಂದು ಬಣ್ಣದ್ದು ನೀರಿನಲ್ಲಿ ಕದಡಿ ಕುಡಿದರೆ ಬೊಜ್ಜು ಕರಗುತ್ತದೆ ಎಂದು ನಮ್ಮ ತಾಯಿಯ ನಂಬಿಕೆ," ಎಂದೆ ಇಂಗ್ಲಿಷಿನಲ್ಲಿ.

ಅವನು ತನ್ನ ಬೆಲ್ಟಿನ ಕಡೆ ಒಮ್ಮೆ ನೋಡಿಕೊಂಡು, ದನಿ ತಗ್ಗಿಸಿ, "ಕರಗುತ್ತದೆಯೆ?" ಎಂದ.

"ನನಗೆ ಅನುಮಾನ," ಎಂದೆ. ಡಬ್ಬಿ ಮುಚ್ಚಿ ಕಳಿಸಿದ.

ಪಾರ್ಲರು

ಸರೋಜತ್ತಿಯ ಮನೆ ಹನ್ನೊಂದನೆಯ ಮಹಡಿಯಲ್ಲಿ. ಕಿಟಕಿಯಿಂದ ಬಿದಿರುಗಳ ಮೇಲೆ ಬಟ್ಟೆ ಹೊರಚಾಚಿ ಒಣಗಿಸುತ್ತಾರೆ; ಇಡೀ ಕಟ್ಟಡದ ಒಳ ಉಡುಪು ಇಡೀ ಓಣಿಗೆ ಕಾಣುತ್ತದೆ. ನಮ್ಮಲ್ಲಿ ಲಂಗದ ಮೇಲೆ ಟವೆಲ್ ಹೊದಿಸಿ ಒಣಗಿಸುವ ಅಕ್ಕ ಮೊದಲ ದಿನ ಆ ಕಿಟಕಿಯ ಹತ್ತಿರ ಸುಳಿಯಲಿಲ್ಲ.

ಮರುದಿನವೇ ಪಾರ್ಲರಿಗೆ ಹೋದೆವು. ಬಿಳಿ ಕೋಟಿನ ಹೆಣ್ಣುಮಗಳೊಬ್ಬಳು ಅಕ್ಕನ ಸೊಂಟ, ತೋಳು ಅಳೆದಳು. ಆಮೇಲೆ ಹಸಿರು ಮಣ್ಣು ಬಳಿದು, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಕಂಬಳಿ ಹೊದಿಸಿ ಒಂದು ತಾಸು ಮಲಗಿಸಿದಳು. ಗೋಡೆಯ ಮೇಲೆ ಹುಡುಗಿಯರ ಚಿತ್ರಗಳು. ಒಬ್ಬಳಿಗೂ ಮೊಣಕೈ ಮೇಲೆ ಮಾಂಸ ಇರಲಿಲ್ಲ. ಆ ತಾಸಿನ ನಂತರ ಮತ್ತೆ ಅಳೆದು, "ನೋಡಿ, ಆಗಲೇ ಇಳಿದಿದೆ!" ಎಂದಳು. ಸರೋಜತ್ತಿ ಚಪ್ಪಾಳೆ ತಟ್ಟಿದಳು.

ಅಳೆಯುವಾಗ ಎಲ್ಲರೂ ಟೇಪಿನ ಅಂಕಿ ನೋಡುತ್ತಾರೆ. ಟೇಪು ಹಿಡಿದ ಕೈಯನ್ನು ನಾನು ನೋಡಿದ್ದೆ. ಮೊದಲ ಸಲ ಟೇಪಿನ ಕೆಳಗೆ ಅವಳದೇ ಎರಡು ಬೆರಳು ಇದ್ದವು. ಎರಡನೆಯ ಸಲ ಬೆರಳು ಇರಲಿಲ್ಲ, ಟೇಪು ಚರ್ಮದಲ್ಲಿ ಹೂತಿತ್ತು.

"ಇನ್ನೊಮ್ಮೆ ಅಳೆಯಿರಿ, ಟೇಪು ನಾನು ಹಿಡಿಯುತ್ತೇನೆ," ಎಂದೆ.

ಅವಳ ನಗು ಹಾಗೇ ನಿಂತಿತು. ನಾನು ಹಿಡಿದಾಗ ಅಕ್ಕ ಇದ್ದಷ್ಟೇ ಇದ್ದಳು. ಸರೋಜತ್ತಿ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಕೊನೆಗೆ ಲಿಫ್ಟಿನಲ್ಲಿ, "ನಿನ್ನ ನಾಲಿಗಿಗೆ ಯಾರರ ಮಣ್ಣು ಬಳದು ಸುತ್ತಬೇಕು ನೋಡು," ಎಂದಳು.

ಅಕ್ಕ ಸಂಜೆ ಬಚ್ಚಲಿನಲ್ಲಿ ಬಹಳ ಹೊತ್ತು ಇದ್ದಳು. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು. "ಆ ಮಣ್ಣು ಕಣ್ಣಾಗ ಹೋಗಿತ್ತು," ಎಂದಳು. ನಾನು ಗೆದ್ದಿದ್ದೆ. ಆದರೆ ಇಳಿದಿದೆ ಎಂದು ಆ ಒಂದು ಗಳಿಗೆಯ ಮಟ್ಟಿಗೆ ನಂಬಿದ್ದವಳು ಅವಳು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನೀರು

ಪಕ್ಕದ ಮನೆಯಲ್ಲಿ ಲಿಮ್ ಆಂಟಿ ಎಂಬ ಚೀನೀ ಹೆಂಗಸಿದ್ದಳು. ಅರವತ್ತು ದಾಟಿದ್ದಳು. ಮಾರ್ಕೆಟ್ಟಿನಲ್ಲಿ ಮೀನು ಮಾರಿ ಮಾರಿ ತೋಳು ಒನಕೆಯ ಹಾಗಿದ್ದವು. ಬೆಳಿಗ್ಗೆ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಸಾರ್ವಜನಿಕ ಈಜುಕೊಳಕ್ಕೆ ಹೋಗುತ್ತಿದ್ದಳು. ಅಕ್ಕನನ್ನು ಲಿಫ್ಟಿನಲ್ಲಿ ನೋಡಿ, "ಬಾ, ಗರ್ಲ್. ನೀರಲ್ಲಿ ಆಟ ಆಡೋಣ," ಎಂದಳು ತನ್ನ ತುಂಡು ತುಂಡು ಇಂಗ್ಲಿಷಿನಲ್ಲಿ.

ವ್ಯಾಯಾಮ ಎಂದಿದ್ದರೆ ನಂಬುತ್ತಿದ್ದೆನೇನೋ. ಆಟ ಎಂದದ್ದೇ ನನ್ನ ಅನುಮಾನಕ್ಕೆ ಕಾರಣ. ಮೈಗೆ ಒಳ್ಳೆಯದು ಎನ್ನುವ ಯಾವುದನ್ನೂ ಅಲ್ಲಿಯವರೆಗೆ ಯಾರೂ ನಮಗೆ ಖುಷಿಯಿಂದ ಕೊಟ್ಟಿರಲಿಲ್ಲ. ಬೇವಿನ ರಸ, ಹುರುಳಿ ಹಿಟ್ಟು, ಉಪವಾಸ. ಆಟದಿಂದ ಮೈ ಇಳಿಯುವುದಾದರೆ ಇಷ್ಟು ದಿನ ಈ ಗುಟ್ಟು ಮುಚ್ಚಿಟ್ಟವರು ಯಾರು?

ಮೊದಲ ದಿನ ಅಕ್ಕ ಚೂಡಿದಾರದಲ್ಲೇ ನೀರಿಗಿಳಿದಳು. ಚೂಡಿದಾರ ಗಾಳಿ ತುಂಬಿ ಗುಡಾರದ ಹಾಗೆ ಎದ್ದಿತು. ಕಾವಲಿನವನು ಪೀಪಿ ಊದಿದ. ಎಲ್ಲರೂ ತಿರುಗಿದರು. ಅಕ್ಕ ಸತ್ತೇ ಹೋದೆನೆಂಬಂತೆ ಮೇಲೆ ಬಂದು, "ಇನ್ನ ಬರಂಗಿಲ್ಲ ನಾ," ಎಂದಳು. ಲಿಮ್ ಆಂಟಿ ಮರುದಿನ ತನ್ನದೇ ಹಳೆಯ, ಮೊಣಕಾಲತನಕ ಲಂಗವಿರುವ ಈಜುಡುಗೆ ತಂದು ಕೊಟ್ಟಳು. ಅದು ಅಕ್ಕನಿಗೆ ಸರಿಹೋಯಿತು. ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಎಳೆಯದೆ, ಬಿಗಿಯದೆ ಸರಿಹೋದದ್ದನ್ನು ಅಕ್ಕ ಮೂರು ಸಲ ಹೇಳಿದಳು.

ಅಲ್ಲಿನ ಬಟ್ಟೆ ಬದಲಿಸುವ ಕೋಣೆಯ ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದ್ದೇನೆ. ಬರೆಯುತ್ತೇನೆ. ಮುದುಕಿಯರು ಮೈಮೇಲೆ ನೂಲಿಲ್ಲದೆ ಶವರಿನ ಕೆಳಗೆ ನಿಂತು, ಸಂತೆಯಲ್ಲಿ ನಿಂತಷ್ಟೇ ನಿರಾಳವಾಗಿ ಮಾತಾಡುತ್ತಿದ್ದರು. ಜೋತ ಎದೆ, ಹೆರಿಗೆಯ ಗೆರೆ, ಹೊಟ್ಟೆಯ ಮೇಲೆ ಹೊಲಿಗೆ. ನಾನು ಮೂಲೆಯಲ್ಲಿ ನಿಂತು, ಇವರು ಒಬ್ಬರನ್ನೊಬ್ಬರು ಕದ್ದು ನೋಡುತ್ತಾರೇನು ಎಂದು ಪರೀಕ್ಷಿಸಿದೆ. ನೋಡದಿರುವುದೂ ಒಂದು ನಾಟಕ ಇರಬಹುದಲ್ಲ? ಸುಮಾರು ಹೊತ್ತು ಕಾದೆ. ಆ ಕೋಣೆಯಲ್ಲಿ ಕಣ್ಣು ಬಿಟ್ಟು ನೋಡುತ್ತಿದ್ದವಳು ನಾನೊಬ್ಬಳೇ ಎಂದು ಆಮೇಲೆ ಗೊತ್ತಾಯಿತು.

ಹಾಗೆಂದು ಅಲ್ಲಿ ಎಲ್ಲರೂ ಮುಕ್ತಿ ಹೊಂದಿದವರು ಎಂದು ತಿಳಿಯಬೇಡಿ. ಅದೇ ಲಿಮ್ ಆಂಟಿ ಕೊಳದಿಂದ ಹೊರಬಿದ್ದೊಡನೆ ಕೊಡೆ ಬಿಚ್ಚುತ್ತಿದ್ದಳು, ಬಿಸಿಲಿಗೆ ಕಪ್ಪಾಗಬಾರದೆಂದು. ಅವಳ ಮಗಳು ಮದುವೆಯ ಫೋಟೋಗಾಗಿ ಸೇಬು ಮಾತ್ರ ತಿನ್ನುತ್ತಿದ್ದಳು. "ನೀವೂ ನಮ್ಮಂಥವರೇ," ಎಂದೆ. "ಮತ್ತೆ?" ಎಂದು ಅವಳು ನಕ್ಕಳು.

ಆದರೆ ನೀರಿನಲ್ಲಿ ಅಕ್ಕ ಬೇರೆಯಾಗಿದ್ದಳು. ಮೂರನೆಯ ದಿನ ತೇಲಿದಳು. ಆರನೆಯ ದಿನ ಕೈ ಬೀಸಿದಳು. ನಮ್ಮ ಕಡೆ ಗಂಡುಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಹಾರುವುದನ್ನು ನಾವಿಬ್ಬರೂ ಕೊಡ ಹಿಡಿದು ನಿಂತು ನೋಡಿದ್ದೇವೆ, ಅಷ್ಟೇ. ಎರಡನೆಯ ವಾರ ಅಕ್ಕ ಕೊಳದ ಈ ದಂಡೆಯಿಂದ ಆ ದಂಡೆಗೆ ಹೋಗಿ, ಸಿಮೆಂಟು ಹಿಡಿದು, ಏದುಸಿರು ಬಿಡುತ್ತ ನನ್ನ ಕಡೆ ತಿರುಗಿ ಕೂಗಿದಳು: "ನೋಡಿದೇನಲೇ? ನೋಡಿದೇನು?"

ಅಕ್ಕ ಎಲ್ಲರೆದುರು ಕೂಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅಂಚೆ

ಎರಡನೆಯ ವಾರದ ಕೊನೆಗೆ ಸರೋಜತ್ತಿ ಅಕ್ಕನಿಗೆ ಅವಳದೇ ಹಳೆಯ ಕುಪ್ಪಸ ತೊಡಿಸಿ ನೋಡಿದಳು. ಸೊಂಟದಲ್ಲಿ ತುಸು ಸಡಿಲಾಗಿತ್ತು. ರಟ್ಟೆಯಲ್ಲಿ ಬಿಗಿಯಾಗಿತ್ತು. ಅತ್ತಿ ಎದೆಗೆ ಕೈ ಹಚ್ಚಿದಳು.

"ಯವ್ವಾ, ಇಳಸಾಕ ಕಳಿಸಿದ್ರ ಬೆಳಿಸಿ ಕಳಸಾಕತ್ತೀವಲ್ಲೇ! ಕುಬಸ ಮೊದಲು ಸಿಗಬೀಳೋದ ತೋಳಾಗ. ನಾಳಿಂದ ನೀರು ಬಂದ್."

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ನಾನು ಅತ್ತಿಯ ಪರ ಮಾತಾಡಿದೆ. ಎರಡು ವಾರ ಈಜು ಬಿಡು, ಅನ್ನ ಬಿಡು, ನಿಶ್ಚಯ ಮುಗಿಯಲಿ. ಆಮೇಲೆ ಬೇಕಾದ್ದು ಮಾಡು ಎಂದೆ. ಇದೂ ತಪ್ಪಿದರೆ ಮೂರನೆಯದು ತಪ್ಪಿದಂತೆ, ಆ ಹುಡುಗ ನಿನಗೆ ಮನಸ್ಸಿಗೆ ಬಂದಿದ್ದಾನೆ ಎಂದೆ. ಒಂದಾದ ಮೇಲೊಂದು ಕಾರಣ ಕೊಟ್ಟೆ. ಎಲ್ಲವೂ ಗಟ್ಟಿಯಾಗಿಯೇ ಇದ್ದವು.

ಅಕ್ಕ ಹಾಸಿಗೆಯ ಅಂಚಿಗೆ ಕೂತು ಎಲ್ಲ ಕೇಳಿದಳು.

"ಲಗ್ನ ಆದಮ್ಯಾಲ ಲಿಂಗಸುಗೂರಾಗ ನನ್ನ ಯಾರು ಈಜಾಕ ಬಿಡ್ತಾರ? ಹೇಳು."

ಅಕ್ಕ ಎದ್ದು ನನ್ನೆದುರು ನಿಂತಳು.

"ಪಾರ್ಲರಿನಾಕಿ ಮೋಸ ಹಿಡಿದಿ. ಅವ್ವನ ಜೋಡಿ ಜಗಳಾಡಿದಿ. ಈಗ ನೀನ ಆ ಕುಬಸದ ವಕೀಲಿ ಮಾಡಾಕತ್ತಿ. ನೀ ಯಾರ ಕಡಿದಾಕಿ?"

"ನಿನ್ನ ಕಡಿದಾಕಿ ಅಂತ ಹೇಳಾಕತ್ತೀನಿ."

"ಹಂಗಾದ್ರ ಟೇಪ್ ತಾ. ಅಳಿ. ಎಳದು ಹಿಡೀಬ್ಯಾಡ, ಸಡಲೂ ಬಿಡಬ್ಯಾಡ."

ಅಳೆದೆ.  ಅಕ್ಕ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು, ಶರಣಮ್ಮನಿಗೆ ಪತ್ರ ಬರೆದಳು. ನನಗೆ ಓದಲು ಕೊಟ್ಟಳು, ತಿದ್ದಲು ಕೊಡಲಿಲ್ಲ.

'ನಿಮ್ಮ ಕೈಗೆ ಬಂದ ಅಳತೆ ನನ್ನ ತಂಗಿಯದು. ನನ್ನದು ಈ ಚೀಟಿಯಲ್ಲಿದೆ. ಇಲ್ಲಿ ನಾನು ಈಜು ಕಲಿಯುತ್ತಿದ್ದೇನೆ, ಹಾಗಾಗಿ ರಟ್ಟೆ ಇನ್ನೂ ಸ್ವಲ್ಪ ಹೆಚ್ಚಾಗಬಹುದು. ಕಡಿಮೆಯಾಗುತ್ತೇನೆಂದು ಮಾತು ಕೊಡಲಾರೆ. ನಿಮಗೆ ಒಪ್ಪಿಗೆಯಾಗದಿದ್ದರೆ ಬರುವ ಮೊದಲೇ ತಿಳಿಸಿರಿ.'

"ಇದನ್ನ ಕಳಿಸಿದ್ರ ಮುಗೀತು," ಎಂದೆ.

"ಮುಗೀಲಿ," ಎಂದಳು. ಆದರೆ ಅಂಚೆಪೆಟ್ಟಿಗೆಯ ಬಾಯಿಗೆ ಪತ್ರ ಹಿಡಿದು ಬಹಳ ಹೊತ್ತು ನಿಂತಿದ್ದಳು. ನಮ್ಮ ಹಿಂದೆ ಮೂವರು ಕಾಯುತ್ತಿದ್ದರು. ಆ ಊರಿನಲ್ಲಿ ಎಲ್ಲದಕ್ಕೂ ಸಾಲು. ಸಾಲಿನಲ್ಲಿ ನಿಂತವರು ಗೊಣಗುವುದೂ ಇಲ್ಲ. ಕೊನೆಗೆ ಬಿಟ್ಟಳು. ಕೈ ಸೀರೆಗೆ ಒರೆಸಿಕೊಂಡು, "ನಾಳೆ ಎಷ್ಟೊತ್ತಿಗೆ ಹೋಗೂಣು ನೀರಿಗೆ?" ಎಂದಳು.

ನಾವು ಹೊರಡುವತನಕ ಉತ್ತರ ಬರಲಿಲ್ಲ.

ಮತ್ತೆ ಮಸ್ಕಿ

ಬಸ್ಸಿನಿಂದ ಇಳಿದಾಗ ಅವ್ವ ಅಕ್ಕನನ್ನು ಒಂದು ಸುತ್ತು ತಿರುಗಿ ನೋಡಿದಳು. "ಎಲ್ಲಿ ಇಳಿದಿ?" ಎಂದಳು.

"ಮಸ್ಕಿ ಬಸ್‌ಸ್ಟ್ಯಾಂಡಿನ್ಯಾಗ," ಎಂದಳು ಅಕ್ಕ.

ಪತ್ರದ ವಿಷಯ ನಾವು ಬಾಯಿ ಬಿಡಲಿಲ್ಲ. ಲಿಂಗಸುಗೂರಿನಿಂದ ಬರುವುದಿಲ್ಲ ಎಂಬ ಸುದ್ದಿಯೂ ಇರಲಿಲ್ಲ, ಬರುತ್ತೇವೆ ಎಂಬುದೂ ಇರಲಿಲ್ಲ. ಪತ್ರ ಮುಟ್ಟಿಲ್ಲವೆಂದು ನನ್ನ ವಾದ. ಮುಟ್ಟಿದೆ, ಎಲ್ಲರೆದುರು ಮರ್ಯಾದೆ ತೆಗೆಯಲು ಕಾಯುತ್ತಿದ್ದಾರೆ ಎಂದು ನನ್ನದೇ ಪ್ರತಿವಾದ. ಅಕ್ಕ ಎರಡಕ್ಕೂ ಕಿವಿಗೊಡದೆ ಐದು ದಿನ ಅರ್ಧಮರ್ಧ ಉಂಡಳು.

ನಿಶ್ಚಯದ ದಿನ ಅವರು ಬಂದರು. ಶರಣಮ್ಮ, ವೀರೇಶ, ನಾಲ್ಕಾರು ಹೆಂಗಸರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಶರಣಮ್ಮ ಸೀರೆಯ ಗಂಟು ಬಿಚ್ಚಿ, ಮೇಲೆ ಕುಪ್ಪಸವಿಟ್ಟು, ಅವ್ವನ ಕಡೆ ತಿರುಗಿದಳು.

"ನಮ್ಮ ದರ್ಜಿ ಏನಂದ ಗೊತ್ತೇನ್ರಿ ನಿಮಗ? 'ಒಂದು ಅಳತಿ ಕುಬಸದ್ದು, ಒಂದು ಚೀಟೀದು. ನನ್ನ ಅಂಗಡಿಗೆ ಲಗ್ನದ ಅಳತಿ ಒಮ್ಮೆರ ಖರೇ ಬಂದಿಲ್ಲ. ತಾಯಂದ್ರು ಸಣ್ಣದು ಕಳಸ್ತಾರ. ಈ ಹುಡುಗಿ ದೊಡ್ಡದು ಬರದಾಳ. ಇಬ್ಬರನ್ನೂ ನಂಬಂಗಿಲ್ಲ ನಾ. ನಡುವಿಂದು ಹೊಲೀತೀನಿ, ಒಳಗ ಎರಡು ಬೆರಳು ಬಟ್ಟಿ ಬಿಡ್ತೀನಿ' ಅಂದ."

ಆ ದರ್ಜಿಯನ್ನು ನಮ್ಮ ಕಾಲೇಜಿನ ಚರ್ಚಾ ತಂಡಕ್ಕೆ ಸೇರಿಸಿಕೊಳ್ಳಬೇಕು ಎನಿಸಿತು. ಅವ್ವ ತಡವರಿಸಿದಳು.

"ಎರಡೂ ಒಂದ ಟ್ರಂಕಿನ್ಯಾಗ ಇದ್ವುರಿ... ತಪ್ಪಿ..."

"ಇರ್ಲಿ ಬಿಡ್ರಿ," ಎಂದಳು ಶರಣಮ್ಮ. "ನನ್ನ ಲಗ್ನದಾಗ ನನ್ನ ಅಳತಿ ಕೊಡೋಮುಂದ ನಮ್ಮವ್ವ ನಮ್ಮ ತಂಗೀದು ಕೊಟ್ಟಿದ್ಲು. ಉಡಿ ತುಂಬೂತನಕ ಉಸಿರು ಬಿಡಲಾರದ ಕುಂತಿದ್ದೆ ನಾ. ಹೋಗವಾ, ಉಟಗೊಂಡು ಬಾ."

ಒಳಗೆ ಕುಪ್ಪಸ ಸೊಂಟಕ್ಕೆ ಬಂತು, ಬೆನ್ನಿಗೆ ಬಂತು. ರಟ್ಟೆಯಲ್ಲಿ ನಿಂತಿತು. ಅಕ್ಕ ಒಮ್ಮೆ ಬಲವಾಗಿ ಎಳೆದಾಗ ಎಡ ತೋಳಿನ ಹೊಲಿಗೆ ಚರ್ರೆಂದು ಬಿಟ್ಟಿತು.

"ಸೆರಗು ಹೊದ್ದುಕೊ, ಕಾಣಂಗಿಲ್ಲ," ಎಂದೆ ನಾನು.

ಅಕ್ಕ ಸೆರಗು ಹೊದೆಯಲಿಲ್ಲ. ಬಿಚ್ಚಿದ ತೋಳಿನಲ್ಲೇ ಹೊರಗೆ ಹೋಗಿ ಶರಣಮ್ಮನ ಮುಂದೆ ಕೂತಳು. "ರಟ್ಟಿಗೆ ಸಾಲಂಗಿಲ್ರಿ. ನಾ ಬರದದ್ದು ಖರೇ ಇತ್ತು."

 ಶರಣಮ್ಮ ಅಕ್ಕನ ತೋಳು ಹಿಡಿದು ಒತ್ತಿ ನೋಡಿದಳು. ಜೋಳದ ತೆನೆ ಒತ್ತಿ ನೋಡುತ್ತಾರಲ್ಲ, ಹಾಗೆ.

"ಗಟ್ಟಿ ಐತಲ್ಲ! ಏನು ಮಾಡಿದಿ?"

"ಈಜೀನ್ರಿ."

"ನೀರಾಗ?"

"ಮತ್ತೆಲ್ಲಿ ಈಜ್ತಾರ್ರಿ?"

ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿ ನಕ್ಕಳು. ವೀರೇಶ ಜಮಖಾನೆ ನೋಡುತ್ತ, "ಊರ ಹೊರಗ ನಮ್ಮ ಕಾಕಾನ ಬಾವಿ ಐತ್ರಿ," ಎಂದ.

"ಅದನ್ನ ಆಮ್ಯಾಲ ನೋಡೂಣು," ಎಂದಳು ಶರಣಮ್ಮ. ಆಮೇಲೆ ನೋಡೋಣ ಎಂದರೆ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಸೂಜಿದಾರ ತರಿಸಿ, ಒಳಗಿನ ಎರಡು ಬೆರಳು ಬಟ್ಟೆಯನ್ನು ಬಿಡಿಸುತ್ತ, ನನ್ನನ್ನು ನೋಡಿದಳು.

"ಆ ಸಣ್ಣ ಕುಬಸ ನಿಂದೇನು? ಹೆಂಗ ಬಡಕಲಾಗಿ ನಿಂತಿ ನೋಡು. ಉಣ್ತೀಯಿಲ್ಲೋ? ನಿನ್ನ ಯಾರು ಮಾಡ್ಕೊಂತಾರ?"

ದಪ್ಪಗಿದ್ದವಳಿಗೆ ಒಂದು ತೀರ್ಪು, ತೆಳ್ಳಗಿದ್ದವಳಿಗೆ ಇನ್ನೊಂದು. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಅಕ್ಕನಿಗೆ.

"ಅಕೀನ್ನ ಬಿಡ್ರಿ ಅತ್ತಿ. ಅಕಿ ಮೈ ಅಕೀದು. ಮತ್ತ ಬಾವಿ ಮಾತು ಆಮ್ಯಾಲ ಬ್ಯಾಡ್ರಿ. ಉಡಿ ತುಂಬೂಕ್ಕಿಂತ ಮೊದಲ ಹೇಳ್ರಿ."

ಅವ್ವ ಕಣ್ಣು ಮುಚ್ಚಿಕೊಂಡಳು. ಶರಣಮ್ಮ ಹೊಲಿಯುತ್ತ ಹೋದಳು. ತೋಳಿನ ಸುತ್ತ ಪೂರ್ತಿ ಒಂದು ಸುತ್ತು ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಅಕ್ಕನಿಗೆ ತೋಳು ಎತ್ತಿ ಇಳಿಸಿ ನೋಡಲು ಸನ್ನೆ ಮಾಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಆ ಬಾವಿ ಮೆಟ್ಲ ಕಿತ್ತು ಹೋಗ್ಯಾವು. ನಿಮ್ಮ ಕಾಕಾಗ ಹೇಳಿ ಮೊದಲು ಅವನ್ನ ಸರಿ ಮಾಡ್ಸು."